ಇದು ತಾಲೀಮಲ್ಲ

ನಮ್ಮ ಊರಿನಲ್ಲಿ ಸಿನಿಮಾಪ್ರಿಯರ ಒಂದು ಸಣ್ಣ ಬಳಗವಿದೆ. ತಿಂಗಳಿಗೊಮ್ಮೆ ಸೇರಿ ಒಂದು ಹಳೆಯ ಚಿತ್ರ ನೋಡಿ, ಕಾಫಿ ಕುಡಿದು, ಜಗಳವಾಡಿ ಮನೆಗೆ ಹೋಗುತ್ತೇವೆ. ಹೋದ ವರ್ಷ ಒಂದು ಸಂಜೆಯನ್ನು ಪೂರ್ತಿ ಮೂಕಿ ಕಾಲದ ಹಾಸ್ಯದ ಕಿರುಚಿತ್ರಗಳಿಗೇ ಬಿಟ್ಟುಕೊಡಿ ಎಂದು ಕೇಳಿದೆ. ಐದು ಚಿತ್ರ, ಒಟ್ಟು ಎರಡು ಗಂಟೆ. ಪಟ್ಟಿಯನ್ನೂ ಬರೆದುಕೊಂಡು ಹೋಗಿದ್ದೆ. ಹಿರಿಯರೊಬ್ಬರು ಪಟ್ಟಿಯ ಮೇಲೆ ಕಣ್ಣಾಡಿಸಿ, ಮಡಿಸಿ, ನನ್ನ ಕೈಗೇ ವಾಪಸು ಕೊಟ್ಟರು. “ಇವು ಮಕ್ಕಳ ದಿನಾಚರಣೆಗೆ ಇರಲಿ. ಚಾಪ್ಲಿನ್ ಬೇಕಾದರೆ ‘ಸಿಟಿ ಲೈಟ್ಸ್’ ಹಾಕೋಣ. ಇವೆಲ್ಲ ಅವರು ಕೈ ಪಳಗಿಸಿಕೊಳ್ಳುವಾಗ ಮಾಡಿದ್ದಲ್ಲವೇ?” ಎಂದರು. ಉಳಿದವರು ಹೌದೆಂದು ತಲೆಯಾಡಿಸಿದರು.

ಸಿನಿಮಾ ಗೊತ್ತಿಲ್ಲದವರು ಈ ಮಾತು ಹೇಳಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ಆದರೆ ಇವರು ಬಲ್ಲವರು, ಓದಿದವರು. ಓದಿದ ಪುಸ್ತಕಗಳಲ್ಲೇ ಈ ಮಾತು ಇದೆ. ಮೂಕಿ ಹಾಸ್ಯದ ಚರಿತ್ರೆಯನ್ನು ಎಲ್ಲರೂ ಒಂದು ಏಣಿಯ ಹಾಗೆ ಹೇಳುತ್ತಾರೆ. ಕೆಳಗಿನ ಮೆಟ್ಟಿಲಲ್ಲಿ ಒದೆತ, ಬೀಳಾಟ, ಕ್ರೀಮ್ ಕಡುಬಿನ ಎಸೆದಾಟ. ನಡುವಿನ ಮೆಟ್ಟಿಲಲ್ಲಿ ಇಪ್ಪತ್ತು ನಿಮಿಷದ, ಎರಡು ರೀಲಿನ ಕಿರುಚಿತ್ರ. ತುದಿಯಲ್ಲಿ ‘ದಿ ಗೋಲ್ಡ್ ರಷ್’, ‘ದಿ ಜನರಲ್’, ‘ಸಿಟಿ ಲೈಟ್ಸ್’. ತುದಿ ಮುಟ್ಟಿದ ಮೇಲೆ ಕೆಳಗಿನ ಮೆಟ್ಟಿಲುಗಳನ್ನು ಯಾಕೆ ಎಣಿಸಬೇಕು ಎಂಬುದು ಅದರ ಒಳಾರ್ಥ. ಈ ಏಣಿಯೇ ಸುಳ್ಳು ಎಂಬುದು ನನ್ನ ವಾದ. ಎರಡು ರೀಲಿನ ಹಾಸ್ಯಚಿತ್ರ ಯಾವುದರ ತಾಲೀಮೂ ಅಲ್ಲ. ಅದು ತನ್ನ ಅಳತೆಯನ್ನು ತಾನೇ ಕಂಡುಕೊಂಡ ಪೂರ್ಣ ಪ್ರಕಾರ.

ಸಾಹಿತ್ಯದಲ್ಲಿ ನಾವು ಈ ತಪ್ಪು ಮಾಡುವುದಿಲ್ಲ. ಮಾಸ್ತಿಯವರ ಸಣ್ಣಕತೆಗಳೆಲ್ಲ ‘ಚಿಕವೀರ ರಾಜೇಂದ್ರ’ ಬರೆಯುವುದಕ್ಕೆ ಮಾಡಿಕೊಂಡ ಸಿದ್ಧತೆ ಎಂದು ಯಾರಾದರೂ ಅಂದರೆ ಕನ್ನಡಿಗರು ಕೇಳಿಕೊಂಡು ಸುಮ್ಮನಿರುತ್ತಾರೆಯೇ? ನಾಲ್ಕು ಸಾಲಿನ ವಚನವನ್ನು ಷಟ್ಪದಿ ಕಾವ್ಯದ ಮೊದಲ ಪಾಠ ಅನ್ನುವವರನ್ನು ನಾನು ಕಂಡಿಲ್ಲ. ಸಿನಿಮಾದ ಮಾತು ಬಂದಾಗ ಮಾತ್ರ ಉದ್ದವೇ ಯೋಗ್ಯತೆಯಾಗಿಬಿಡುತ್ತದೆ.

ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ಬಸ್ಟರ್ ಕೀಟನ್‌ನ ‘ಒನ್ ವೀಕ್’, 1920. ಹೊಸದಾಗಿ ಮದುವೆಯಾದ ಜೋಡಿಗೆ ಚಿಕ್ಕಪ್ಪ ಒಂದು ನಿವೇಶನವನ್ನೂ ಒಂದು ಮನೆಯನ್ನೂ ಉಡುಗೊರೆ ಕೊಡುತ್ತಾನೆ. ಮನೆ ಬಂದಿರುವುದು ಪೆಟ್ಟಿಗೆಗಳಲ್ಲಿ. ಪೆಟ್ಟಿಗೆಗಳ ಮೇಲೆ ನಂಬರು, ಜೊತೆಗೆ ಒಂದು ಸೂಚನೆಯ ಹಾಳೆ. ನಂಬರಿನ ಪ್ರಕಾರ ಜೋಡಿಸಿದರೆ ಮನೆ ಸಿದ್ಧ. ಹುಡುಗಿ ಒಲ್ಲೆಂದಿದ್ದ ಇನ್ನೊಬ್ಬ ಗುಟ್ಟಾಗಿ ಆ ನಂಬರುಗಳನ್ನು ತಿದ್ದಿಬಿಡುತ್ತಾನೆ. ಅಷ್ಟೇ ಕತೆ. ಮುಂದಿನದೆಲ್ಲ ಈ ಒಂದೇ ಬೀಜದಿಂದ ಮೊಳೆತದ್ದು. ಕ್ಯಾಲೆಂಡರಿನ ಒಂದೊಂದು ಹಾಳೆ ಹರಿದಂತೆ ಒಂದೊಂದು ದಿನ ಕಳೆಯುತ್ತದೆ, ಮನೆ ಏಳುತ್ತದೆ. ಮೇಲಿನ ಮಹಡಿಯ ಬಾಗಿಲು ತೆರೆದರೆ ಎದುರಿಗೆ ಬಯಲು ಗಾಳಿ. ಅವನು ರತ್ನಗಂಬಳಿ ಹಾಸಿ ಸುತ್ತಲೂ ಮೊಳೆ ಹೊಡೆಯುತ್ತಾನೆ. ಆಮೇಲೆ ನೋಡಿದರೆ ತನ್ನ ಕೋಟು ಅದರಡಿ ಸಿಕ್ಕಿಕೊಂಡಿದೆ. ಗಂಬಳಿಯನ್ನು ನಡುವೆ ಚೌಕವಾಗಿ ಕತ್ತರಿಸಿ, ಕೋಟು ಎಳೆದುಕೊಂಡು, ತೂತಿನ ಮೇಲೆ ಇನ್ನೊಂದು ಚಿಕ್ಕ ಹಾಸು ಮುಚ್ಚುತ್ತಾನೆ. ಮುಖದಲ್ಲಿ ಕೋಪವಿಲ್ಲ, ಸೋಲಿಲ್ಲ. ಮುಂದಿನ ಕೆಲಸ ಏನು ಎಂಬ ಯೋಚನೆ ಒಂದೇ. ಹೆಂಡತಿಯ ಪಾತ್ರ ಮಾಡಿದ ಸಿಬಿಲ್ ಸೀಲಿ, ಗಂಡ ಗೋಡೆ ನಿಲ್ಲಿಸುತ್ತಿರುವಾಗ ಆ ಗೋಡೆಯ ಹೊರಮೈಗೆ ಎರಡು ಹೃದಯಗಳ ಚಿತ್ರ ಬಿಡಿಸುತ್ತಾಳೆ. ಗೃಹಪ್ರವೇಶ ಹದಿಮೂರನೇ ತಾರೀಖು ಶುಕ್ರವಾರ. ಬಿರುಗಾಳಿ ಬಂದು ಮನೆ ಬುಗುರಿಯ ಹಾಗೆ ತಿರುಗುತ್ತದೆ, ಒಳಗಿದ್ದ ನೆಂಟರು ಒಬ್ಬೊಬ್ಬರಾಗಿ ಹೊರಗೆ ಬಂದು ಬೀಳುತ್ತಾರೆ. ಇದು ಗೊಂಬೆಮನೆಯನ್ನು ತಿರುಗಿಸಿ ಮಾಡಿದ ಮೋಸ ಅಂದುಕೊಳ್ಳಬೇಡಿ. ತಿರುಗುಪೀಠದ ಮೇಲೆ ಪೂರ್ತಿ ಗಾತ್ರದ ಮನೆಯನ್ನೇ ಕಟ್ಟಿ ತಿರುಗಿಸಿದ್ದಾರೆ.

ಇಷ್ಟಾದ ಮೇಲೆ, ಮನೆ ಕಟ್ಟಿದ್ದು ತಪ್ಪು ನಿವೇಶನದಲ್ಲಿ ಎಂದು ಗೊತ್ತಾಗುತ್ತದೆ. ಪೀಪಾಯಿಗಳ ಮೇಲೆ ಮನೆಯನ್ನು ಉರುಳಿಸಿಕೊಂಡು ಹೊರಟರೆ ಅದು ರೈಲು ಹಳಿಯ ಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ. ದೂರದಿಂದ ರೈಲು ಬರುತ್ತಿದೆ. ಇಬ್ಬರೂ ಕಣ್ಣು ಮುಚ್ಚಿಕೊಳ್ಳುತ್ತಾರೆ. ರೈಲು ಪಕ್ಕದ ಹಳಿಯ ಮೇಲೆ ಹಾದುಹೋಗುತ್ತದೆ. ಉಸಿರು ಬಿಡುವಷ್ಟರಲ್ಲಿ ಇನ್ನೊಂದು ದಿಕ್ಕಿನಿಂದ ಇನ್ನೊಂದು ರೈಲು ಬಂದು ಮನೆಯನ್ನು ಸೀಳಿಕೊಂಡು ಹೋಗುತ್ತದೆ. ಆ ಅವಶೇಷದ ಮೇಲೆ ಅವನು ‘ಮಾರಾಟಕ್ಕಿದೆ’ ಎಂಬ ಫಲಕ ನೆಟ್ಟು, ಜೊತೆಗೆ ಸೂಚನೆಯ ಹಾಳೆಯನ್ನೂ ಸಿಕ್ಕಿಸಿ, ಹೆಂಡತಿಯ ಕೈ ಹಿಡಿದು ನಡೆದುಬಿಡುತ್ತಾನೆ.

ಈ ಚಿತ್ರಕ್ಕೆ ಇನ್ನೊಂದು ಗಂಟೆ ಸೇರಿಸಿ ನೋಡಿ. ಆ ಚಿಕ್ಕಪ್ಪನಿಗೆ ಒಂದು ಸ್ವಭಾವ ಬೇಕಾಗುತ್ತದೆ, ನಂಬರು ತಿದ್ದಿದವನಿಗೆ ಒಂದು ಪಶ್ಚಾತ್ತಾಪ ಬೇಕಾಗುತ್ತದೆ, ಮದುವೆ ಮುರಿದು ಮತ್ತೆ ಕೂಡಬೇಕಾಗುತ್ತದೆ. ಎಲ್ಲ ಸೇರಿದ ಮೇಲೆ ಎರಡನೆಯ ರೈಲು ಬಂದರೆ ಅದು ಕತೆಯ ಒಂದು ತಿರುವು ಮಾತ್ರ. ಇಪ್ಪತ್ತು ನಿಮಿಷದಲ್ಲಿ ಬಂದಾಗ ಅದು ವಿಧಿ. ಕೀಟನ್‌ಗೆ ಈ ಅಳತೆ ಗೊತ್ತಿತ್ತು. 1920ರಿಂದ 1923ರವರೆಗೆ ಅವನು ಸ್ವತಂತ್ರವಾಗಿ ಮಾಡಿದ ಕಿರುಚಿತ್ರಗಳು 19. ಪೂರ್ಣಾವಧಿಯ ಚಿತ್ರಕ್ಕೆ ಅವನು ಹೊರಳಿದ್ದಕ್ಕೆ ಚಿತ್ರಮಂದಿರಗಳ ಲೆಕ್ಕಾಚಾರ ದೊಡ್ಡ ಕಾರಣ. ಬಾಡಿಗೆ ಹುಟ್ಟುತ್ತಿದ್ದುದು ಉದ್ದದ ಚಿತ್ರಕ್ಕೆ. ಅವನೇ ಬರೆದು ನಿರ್ದೇಶಿಸಿದ ಮೊದಲ ಉದ್ದದ ಚಿತ್ರ ‘ತ್ರೀ ಏಜಸ್’ ಅನ್ನು ಮೂರು ಯುಗಗಳ ಮೂರು ಕತೆಯಾಗಿ ಹೆಣೆದ. ಉದ್ದದ ಚಿತ್ರವಾಗಿ ನಿಲ್ಲದಿದ್ದರೆ ಬಿಡಿಸಿ ಮೂರು ಕಿರುಚಿತ್ರ ಮಾಡಿಕೊಳ್ಳಬಹುದು ಎಂಬ ಎಚ್ಚರಿಕೆ ಅದರಲ್ಲಿತ್ತು. ತಾಲೀಮು ಮುಗಿಸಿ ರಂಗಕ್ಕೆ ಬಂದವನು ಹೀಗೆ ಹಿಂದಿರುಗುವ ದಾರಿ ತೆರೆದಿಟ್ಟುಕೊಳ್ಳುವುದಿಲ್ಲ.

ಚಾಪ್ಲಿನ್ ವಿಷಯಕ್ಕೆ ಬನ್ನಿ. 1916ರಲ್ಲಿ ಮ್ಯೂಚುಯಲ್ ಕಂಪನಿ ಅವನಿಗೆ ವಾರಕ್ಕೆ 10,000 ಡಾಲರು, ಮೇಲೆ 1,50,000 ಡಾಲರು ಬೋನಸು ಕೊಟ್ಟು ಕರೆದುಕೊಂಡಿತು. ವರ್ಷಕ್ಕೆ 6,70,000 ಡಾಲರು, ಎರಡು ರೀಲಿನ ಹನ್ನೆರಡು ಚಿತ್ರಗಳಿಗೆ. ಆ ಕಾಲದ ಪ್ರೇಕ್ಷಕ ಈ ಚಿತ್ರಗಳಿಗಾಗಿಯೇ ಟಿಕೆಟ್ ಕೊಳ್ಳುತ್ತಿದ್ದ. ಚಾಪ್ಲಿನ್ ಕೂಡ ಮುಂದೆ ತನ್ನ ಆತ್ಮಕತೆಯಲ್ಲಿ ಆ ದಿನಗಳನ್ನು ವೃತ್ತಿಜೀವನದ ಸುಖದ ಕಾಲ ಎಂದೇ ನೆನೆದಿದ್ದಾನೆ.

ಆ ಹನ್ನೆರಡರಲ್ಲಿ ‘ದಿ ಪಾನ್‌ಶಾಪ್’ ಒಂದು. ಗಿರವಿ ಅಂಗಡಿಯಲ್ಲಿ ಚಾಪ್ಲಿನ್ ಗುಮಾಸ್ತ. ಬಡವನೊಬ್ಬ ಅಲಾರಂ ಗಡಿಯಾರ ಅಡವಿಡಲು ಬರುತ್ತಾನೆ. ಚಾಪ್ಲಿನ್ ಅದನ್ನು ಮೊದಲು ವೈದ್ಯನ ಹಾಗೆ ಪರೀಕ್ಷಿಸುತ್ತಾನೆ, ಸ್ಟೆತಸ್ಕೋಪು ಇಟ್ಟು ಎದೆಬಡಿತ ಕೇಳುತ್ತಾನೆ, ಬೆರಳಿನಿಂದ ತಟ್ಟುತ್ತಾನೆ. ಆಮೇಲೆ ಅದು ತಗಡಿನ ಡಬ್ಬಿಯಾಗುತ್ತದೆ, ಡಬ್ಬಿ ತೆರೆಯುವ ಸಾಧನದಿಂದ ಮುಚ್ಚಳ ಕೊಯ್ದು ಒಳಗಿನದು ಕೆಟ್ಟಿದೆಯೇ ಎಂದು ಮೂಸುತ್ತಾನೆ. ಟೆಲಿಫೋನಿನ ಬಾಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಚಿನಿವಾರನಾಗುತ್ತಾನೆ. ಸ್ಪ್ರಿಂಗು ಹೊರಗೆಳೆದಾಗ ಅದು ರಿಬ್ಬನ್ನಾಗುತ್ತದೆ, ಜವಳಿ ಅಂಗಡಿಯವನ ಹಾಗೆ ಅಳೆಯುತ್ತಾನೆ. ಕೊನೆಗೆ ಮೇಜಿನ ಮೇಲೆ ಹರವಿದ ಚೂರುಗಳು ಹುಳಗಳ ಹಾಗೆ ಮಿಸುಕಾಡತೊಡಗಿದಾಗ ಎಣ್ಣೆ ಬಿಟ್ಟು ಸುಮ್ಮನಾಗಿಸುತ್ತಾನೆ. ಎಲ್ಲವನ್ನೂ ಬಳಿದು ಗಿರಾಕಿಯ ಹ್ಯಾಟಿಗೆ ಸುರಿದು, ಇದು ನಡೆಯುವುದಿಲ್ಲ ಎಂದು ತಲೆ ಅಲ್ಲಾಡಿಸಿ ಕಳಿಸುತ್ತಾನೆ. ಬಹುಪಾಲು ಕ್ಯಾಮೆರಾ ಅಲುಗದೆ ನಿಂತಿರುತ್ತದೆ. ಇದನ್ನು ಮಂಗಾಟ ಅನ್ನುವವರು ಕಣ್ಣು ಬಿಟ್ಟು ನೋಡಿಲ್ಲ. ಒಂದು ವಸ್ತುವಿಗೆ ಒಂದರ ಮೇಲೊಂದು ಉಪಮೆ ಕಟ್ಟುತ್ತ ಹೋಗುವುದನ್ನು ಕವಿ ಮಾಡಿದರೆ ನಾವು ಮಾಲೋಪಮೆ ಎಂದು ಹೆಸರಿಟ್ಟು ಪಾಠ ಮಾಡುತ್ತೇವೆ. ಚಾಪ್ಲಿನ್ ಅದನ್ನು ಬೆರಳುಗಳಲ್ಲಿ ಮಾಡಿದ. ಎದುರಿಗೆ ನಿಂತ ಬಡವ ಅಷ್ಟು ಹೊತ್ತೂ ನಂಬಿಕೆಯಿಂದ ನೋಡುತ್ತಿರುತ್ತಾನೆ, ನನ್ನ ಮಟ್ಟಿಗೆ ದೃಶ್ಯದ ಅರ್ಧ ತೂಕ ಆ ಮುಖದಲ್ಲಿದೆ.

ಕಿರುಚಿತ್ರಗಳನ್ನು ಬಾಯಿಗೆ ಬಂದಂತೆ ಹಾಡಿದ ಹಾಡು ಅನ್ನುವವರಿಗೆ ಕೆವಿನ್ ಬ್ರೌನ್ಲೋ ಮತ್ತು ಡೇವಿಡ್ ಗಿಲ್ 1983ರಲ್ಲಿ ಮಾಡಿದ ‘ಅನ್‌ನೋನ್ ಚಾಪ್ಲಿನ್’ ಸಾಕ್ಷ್ಯಚಿತ್ರದಲ್ಲಿ ಉತ್ತರವಿದೆ. ಚಾಪ್ಲಿನ್ ಚಿತ್ರೀಕರಿಸಿ ಬಿಸಾಡಿದ ತುಣುಕುಗಳನ್ನು ಜೋಡಿಸಿ, ‘ದಿ ಇಮಿಗ್ರೆಂಟ್’ ಹೇಗೆ ಹುಟ್ಟಿತು ಎಂದು ಅವರು ತೋರಿಸಿದ್ದಾರೆ. ಮೊದಲು ಅವನ ಮನಸ್ಸಿನಲ್ಲಿದ್ದುದು ಒಂದು ಹೋಟೆಲಿನ ತಮಾಷೆ ಅಷ್ಟೇ. ತೂತಾದ ಜೇಬಿನಿಂದ ಜಾರಿಹೋದ ನಾಣ್ಯ, ಎದುರಿಗೆ ಆನೆಗಾತ್ರದ ವೇಟರ್ ಎರಿಕ್ ಕ್ಯಾಂಬೆಲ್. ಅದನ್ನು ಮತ್ತೆ ಮತ್ತೆ ತೆಗೆದು, ಈ ಹುಡುಗ ಈ ಹುಡುಗಿ ಎಲ್ಲಿಂದ ಬಂದರು ಎಂದು ಹುಡುಕುತ್ತ ಹೋಗಿ ಅವನು ಹಡಗನ್ನು ಮುಟ್ಟಿದ. ವಲಸಿಗರ ಹಡಗಿನ ಭಾಗ ಚಿತ್ರದಲ್ಲಿ ಮೊದಲು ಬರುತ್ತದೆ, ತೆಗೆದದ್ದು ಆಮೇಲೆ. ಸ್ವಾತಂತ್ರ್ಯದೇವಿಯ ಪ್ರತಿಮೆ ಕಂಡಿತೆಂದು ಎಲ್ಲರೂ ಹಡಗಿನ ಅಂಚಿಗೆ ಬಂದು ನಿಂತ ಮರುಗಳಿಗೆ ಅಧಿಕಾರಿಗಳು ಅವರನ್ನು ದನಗಳ ಹಾಗೆ ಹಗ್ಗದಿಂದ ಹಿಂದಕ್ಕೆ ತಳ್ಳುತ್ತಾರೆ. ಚಾಪ್ಲಿನ್ ಪ್ರತಿಮೆಯ ಕಡೆಗೊಮ್ಮೆ ತಿರುಗಿ ನೋಡುತ್ತಾನೆ. ಅಷ್ಟೇ. 1917ರ ಈ ಒಂದು ನೋಟದಲ್ಲಿ ಇರುವುದನ್ನು ಹೇಳಲು ಎಷ್ಟೋ ಮೂರು ಗಂಟೆಯ ಚಿತ್ರಗಳು ಪಾಡುಪಟ್ಟಿವೆ.

ಇನ್ನೊಂದು ಆರೋಪ: ಇವು ಗಡಿಬಿಡಿಯ ಚಿತ್ರಗಳು, ಎಲ್ಲರೂ ಕುಣಿಕುಣಿದು ಓಡುತ್ತಾರೆ, ಕಣ್ಣು ನೋಯುತ್ತದೆ. ಇದರಲ್ಲಿ ಚಿತ್ರಗಳ ತಪ್ಪು ಸ್ವಲ್ಪ, ನಮ್ಮ ತಪ್ಪು ಬಹಳ. 35 ಎಂಎಂ ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳಿರುತ್ತವೆ, ಒಂದು ರೀಲು ಅಂದರೆ ಸುಮಾರು 1,000 ಅಡಿ. ಸೆಕೆಂಡಿಗೆ 16 ಚೌಕಟ್ಟಿನಂತೆ ಓಡಿಸಿದರೆ ಒಂದು ರೀಲು ಹದಿನಾರು ನಿಮಿಷಕ್ಕೂ ಮಿಗಿಲು ಬರುತ್ತದೆ. ಮಾತು ಬಂದ ಮೇಲೆ ವೇಗ 24ಕ್ಕೆ ನಿಂತಿತು. ಅದೇ ರೀಲು ಹನ್ನೊಂದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಕೈಯಿಂದ ಹಿಡಿಕೆ ತಿರುಗಿಸಿ ತೆಗೆದ ಚಿತ್ರಗಳನ್ನು ದಶಕಗಳ ಕಾಲ ಹೀಗೆ ಓಡಿಸಿ, ನಕಲಿನ ನಕಲು ತೆಗೆದು, ಮೇಲೊಂದು ಹೊಂದದ ಪಿಯಾನೋ ಸುರಿದು ತೋರಿಸಿದ್ದಾರೆ. ಓಟದ ದೃಶ್ಯಗಳಲ್ಲಿ ಛಾಯಾಗ್ರಾಹಕರು ಬೇಕೆಂದೇ ಹಿಡಿಕೆಯನ್ನು ನಿಧಾನ ಮಾಡಿ ವೇಗ ಹೆಚ್ಚಿಸುತ್ತಿದ್ದುದು ನಿಜ. ಆದರೆ ಅದು ಲೆಕ್ಕವಿಟ್ಟು ಹಾಕಿದ ಉಪ್ಪು. ನಾವು ಉಂಡಿದ್ದು ಉಪ್ಪಿನ ಡಬ್ಬಿಯನ್ನೇ ಕವುಚಿದ ಸಾರು. ಸರಿಯಾದ ವೇಗದಲ್ಲಿ ಶುಚಿಗೊಳಿಸಿದ ಪ್ರತಿಗಳು ಈಗ ಸಿಗುತ್ತವೆ. ಅವನ್ನು ನೋಡದೆ ತೀರ್ಪು ಕೊಡುವ ಹಕ್ಕು ಯಾರಿಗೂ ಇಲ್ಲ.

ಗಡಿಬಿಡಿ ಅನ್ನುವವರಿಗೆ 1929ರ ‘ಬಿಗ್ ಬಿಸಿನೆಸ್’ ತೋರಿಸಬೇಕು. ಬಿಸಿಲಿನ ಕ್ಯಾಲಿಫೋರ್ನಿಯಾದಲ್ಲಿ ಲಾರೆಲ್ ಮತ್ತು ಹಾರ್ಡಿ ಮನೆಮನೆಗೆ ಕ್ರಿಸ್ಮಸ್ ಮರ ಮಾರುತ್ತಿದ್ದಾರೆ. ಮೀಸೆಯ ಜೇಮ್ಸ್ ಫಿನ್ಲೇಸನ್ ಬೇಡ ಎಂದು ಬಾಗಿಲು ಹಾಕಿದಾಗ ಮರದ ಕೊಂಬೆ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ಮತ್ತೆ ಗಂಟೆ ಒತ್ತುತ್ತಾರೆ, ಮತ್ತೆ ಸಿಕ್ಕಿಕೊಳ್ಳುತ್ತದೆ. ಅವನು ಕತ್ತರಿ ತಂದು ಮರ ಕತ್ತರಿಸುತ್ತಾನೆ. ಇವರು ಅವನ ಬಾಗಿಲ ಚೌಕಟ್ಟು ಕೆತ್ತುತ್ತಾರೆ. ಕೊನೆಗೆ ಅವನು ಇವರ ಕಾರನ್ನು ಬಿಡಿಬಿಡಿ ಮಾಡುತ್ತಿದ್ದರೆ ಇವರು ಅವನ ಮನೆ ಒಡೆಯುತ್ತಿರುತ್ತಾರೆ. ಈ ಕಾದಾಟದ ಸೊಗಸು ಇರುವುದು ಸರದಿಯಲ್ಲಿ. ಒಬ್ಬ ಹಾಳುಮಾಡುವಾಗ ಇನ್ನೊಬ್ಬ ತಡೆಯುವುದಿಲ್ಲ; ನಿಂತು, ಪೂರ್ತಿ ನೋಡಿ, ಒಂದು ಕ್ಷಣ ಯೋಚಿಸಿ, ಆಮೇಲೆ ತನ್ನ ಉತ್ತರ ಕೊಡುತ್ತಾನೆ. ಎದುರುಬೀದಿಯಲ್ಲಿ ಪೊಲೀಸನೊಬ್ಬ ಕಾರು ನಿಲ್ಲಿಸಿಕೊಂಡು ಪುಸ್ತಕದಲ್ಲಿ ಟಿಪ್ಪಣಿ ಬರೆಯುತ್ತಿದ್ದಾನೆ. ಜನ ಸೇರುತ್ತಾರೆ. ಎರಡು ಮನೆಗಳ ನಡುವಿನ ಬೇಲಿ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ ಕಂಡವರಿಗೆ ಈ ಲಯ ಹೊಸದಲ್ಲ. ಇದರ ಮೇಲುಸ್ತುವಾರಿ ಮಾಡಿದ ಲಿಯೋ ಮೆಕ್ಯಾರಿ ಮುಂದೆ ಉದ್ದದ ಚಿತ್ರಗಳಿಗೆ ಆಸ್ಕರ್ ಪಡೆದ. ಅವನ ಆ ಚಿತ್ರಗಳನ್ನೂ ನೋಡಿದ್ದೇನೆ. ಕಾಲವನ್ನು ಇಷ್ಟು ನಿಖರವಾಗಿ ಹಿಡಿದಿದ್ದು ಅವುಗಳಲ್ಲಿ ನನಗೆ ಕಾಣಲಿಲ್ಲ.

ಅದೇ ಮೆಕ್ಯಾರಿ 1926ರಲ್ಲಿ ಚಾರ್ಲಿ ಚೇಸ್ ಜೊತೆ ‘ಮೈಟಿ ಲೈಕ್ ಎ ಮೂಸ್’ ಮಾಡಿದ್ದ. ಗಂಡನಿಗೆ ಉಬ್ಬುಹಲ್ಲು, ಹೆಂಡತಿಗೆ ದಪ್ಪ ಮೂಗು. ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇಬ್ಬರೂ ಸರಿಮಾಡಿಸಿಕೊಳ್ಳುತ್ತಾರೆ. ಹೊರಗೆ ಎದುರಾದಾಗ ಗುರುತು ಸಿಗದೆ ಪರಸ್ಪರ ಮೋಹಗೊಳ್ಳುತ್ತಾರೆ. ನೋಡಿ ಬನ್ನಿ, ಹೆಚ್ಚು ಹೇಳುವುದಿಲ್ಲ. ಈ ಚೇಸ್‌ನ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದಾರೆ? ಚಾಪ್ಲಿನ್‌ನ ‘ದಿ ಟ್ರ್ಯಾಂಪ್’ ವೇಷ ಮೊದಲು ಕ್ಯಾಮೆರಾ ಎದುರಿಗೆ ಬಂದ ‘ಮೇಬಲ್ಸ್ ಸ್ಟ್ರೇಂಜ್ ಪ್ರೆಡಿಕಮೆಂಟ್’ ಚಿತ್ರವನ್ನು 1914ರಲ್ಲಿ ನಿರ್ದೇಶಿಸಿದವಳು ಮೇಬಲ್ ನಾರ್ಮಂಡ್ ಎಂಬುದು ಎಷ್ಟು ಜನರಿಗೆ ಗೊತ್ತು? ಕಿರುಚಿತ್ರವನ್ನು ಮೆಟ್ಟಿಲು ಎಂದು ಬಗೆದದ್ದರ ನಷ್ಟ ಇದು. ಉದ್ದದ ಚಿತ್ರದವರೆಗೆ ಏರಿ ಅಲ್ಲಿ ನೆಲೆ ನಿಂತ ಮೂವರು ನಾಲ್ವರು ಗಂಡಸರು ಮಾತ್ರ ಚರಿತ್ರೆಯಾಗುತ್ತಾರೆ. ಅವರಲ್ಲೂ ನಮಗೆ ಒಬ್ಬನೇ ಸಾಕು. ನಮ್ಮ ನರಸಿಂಹರಾಜು ಅವರನ್ನೂ ‘ಕನ್ನಡದ ಚಾಪ್ಲಿನ್’ ಎಂದು ಕರೆದು ಸುಮ್ಮನಾದೆವು. 2009ರಲ್ಲಿ ಬೈಂದೂರಿನ ಬಳಿ ಒತ್ತಿನೆಣೆಯಲ್ಲಿ ಸಿನಿಮಾ ಚಿತ್ರೀಕರಣಕ್ಕೆಂದು 67 ಅಡಿಯ ಚಾಪ್ಲಿನ್ ಪ್ರತಿಮೆ ನಿಲ್ಲಿಸಲು ಹೊರಟಾಗ ವಿರೋಧ ಎದ್ದು, ಅವನ ಧರ್ಮ ಯಾವುದು ಎಂಬುದೇ ದೊಡ್ಡ ಚರ್ಚೆಯಾಯಿತು. ಪರ ನಿಂತವರಿಗೂ ವಿರೋಧಿಸಿದವರಿಗೂ ಅವನು ಹ್ಯಾಟು, ಕೋಲು, ಮೀಸೆಯ ಒಂದು ಆಕೃತಿ. ಹಡಗಿನ ಹಗ್ಗದ ಹಿಂದೆ ನಿಂತು ಪ್ರತಿಮೆಯೊಂದನ್ನು ನೋಡಿದ ಆ ವಲಸಿಗ ಯಾರಿಗೂ ನೆನಪಾಗಲಿಲ್ಲ.

ಎದುರಾಳಿಗಳ ಮಾತಿನಲ್ಲಿ ಹುರುಳಿರುವ ಕಡೆ ಒಪ್ಪಿಕೊಳ್ಳಲೇಬೇಕು. ಈ ಚಿತ್ರಗಳು ವಾರವಾರ ಕಾರ್ಖಾನೆಯಿಂದ ಬರುವಂತೆ ಬರುತ್ತಿದ್ದವು, ಹೆಚ್ಚಿನವು ಸಪ್ಪೆ. ಕೀಸ್ಟೋನ್ ಕಂಪನಿಯ ಎಷ್ಟೋ ಚಿತ್ರಗಳನ್ನು ಒಮ್ಮೆ ನೋಡುವುದೇ ಕಷ್ಟ. ಅದಕ್ಕಿಂತ ಗಂಭೀರವಾದ ದೋಷವೂ ಇದೆ. 1921ರ ‘ದಿ ಪ್ಲೇಹೌಸ್’ನಲ್ಲಿ ಒಂದೇ ಚೌಕಟ್ಟಿನಲ್ಲಿ ಒಂಬತ್ತು ಕೀಟನ್‌ಗಳು ಸಾಲಾಗಿ ಕೂತಿರುತ್ತಾರೆ. ಲೆನ್ಸಿನ ಮುಂದೆ ಒಂಬತ್ತು ಸೀಳುಗಳ ಮುಚ್ಚಳ ಇಟ್ಟು, ಒಂದೊಂದೇ ಸೀಳು ತೆರೆದು, ಪ್ರತಿಸಲ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಛಾಯಾಗ್ರಾಹಕ ಎಲ್ಜಿನ್ ಲೆಸ್ಲಿ ಒಂಬತ್ತು ಸಲವೂ ಒಂದೇ ವೇಗದಲ್ಲಿ ಕೈಯಿಂದ ಹಿಡಿಕೆ ತಿರುಗಿಸಿದ. ಮನುಷ್ಯನ ಕೈ ಇಷ್ಟು ಖಚಿತವಾಗಿರಲು ಸಾಧ್ಯವೇ ಎಂದು ಬೆರಗಾಗುತ್ತದೆ. ಆದರೆ ಅಲ್ಲಿನ ಮುಖಗಳಿಗೆ ಕಪ್ಪು ಬಳಿದಿದೆ, ಕರಿಯ ಜನರನ್ನು ಅಣಕಿಸುವ ಅಂದಿನ ಅಮೆರಿಕದ ರಂಗಪದ್ಧತಿಯಂತೆ. ಈ ದೃಶ್ಯವನ್ನು ನಾನು ಮುಚ್ಚಿಡುವುದಿಲ್ಲ, ಸಮರ್ಥಿಸುವುದೂ ಇಲ್ಲ. ತೋರಿಸುವಾಗ ಮೊದಲೇ ಹೇಳಿ ತೋರಿಸಬೇಕು. ಅದು ಕಿರುಚಿತ್ರ ಎಂಬ ಪ್ರಕಾರದ ದೋಷವಲ್ಲ, ಆ ದೇಶ ಆ ಕಾಲದಲ್ಲಿ ಹೊತ್ತಿದ್ದ ಪಾಪ. ಉದ್ದದ ಚಿತ್ರಗಳಲ್ಲೂ ಅದು ಬೇಕಾದಷ್ಟಿದೆ.

ಪಾತ್ರದ ಆಳ ಬರುವುದು ಉದ್ದದ ಚಿತ್ರದಲ್ಲಿ ಮಾತ್ರ ಎಂಬುದು ಅವರ ಕೊನೆಯ ಅಸ್ತ್ರ. ಕೀಟನ್‌ನ 1922ರ ‘ಕಾಪ್ಸ್’ನ ಕೊನೆ ನೋಡಿ. ಇಡೀ ಊರಿನ ಪೊಲೀಸರು ಬೆನ್ನಟ್ಟಿದ ಹುಡುಗ ಹೇಗೋ ಅವರನ್ನೆಲ್ಲ ಠಾಣೆಯೊಳಗೆ ಕೂಡಿಹಾಕಿ ಹೊರಗೆ ಬರುತ್ತಾನೆ. ಇಷ್ಟಪಟ್ಟ ಹುಡುಗಿ ಎದುರಿಗೆ ಬಂದು ಮುಖ ತಿರುಗಿಸಿ ಹೋಗುತ್ತಾಳೆ. ಅವನು ತಾನೇ ಬಾಗಿಲು ತೆರೆದು ಒಳಗೆ ಹೋಗುತ್ತಾನೆ. ಕೊನೆಯ ಚಿತ್ರ ಒಂದು ಸಮಾಧಿ ಕಲ್ಲು, ಮೇಲೆ ಅವನ ಹ್ಯಾಟು. ನಗಿಸಲು ಬಂದವನು ಇಂಥ ಕೊನೆ ಇಡುವ ಧೈರ್ಯ ಮಾಡಿದ್ದು ಹದಿನೆಂಟು ಇಪ್ಪತ್ತು ನಿಮಿಷದ ಚಿತ್ರದಲ್ಲಿ.

ಈ ಚಿತ್ರಗಳು ಕೈಗೆಟುಕುವುದೂ ಖಚಿತವಲ್ಲ, ಆ ಆತಂಕ ನನಗಿದೆ. ಚಾಪ್ಲಿನ್‌ನ ‘ಹರ್ ಫ್ರೆಂಡ್ ದಿ ಬ್ಯಾಂಡಿಟ್’ ಇಂದಿಗೂ ಸಿಕ್ಕಿಲ್ಲ. ಲಾರೆಲ್ ಹಾರ್ಡಿಯ ‘ಹ್ಯಾಟ್ಸ್ ಆಫ್’ ಸಿಕ್ಕಿಲ್ಲ. ಅವರದೇ ‘ದಿ ಬ್ಯಾಟಲ್ ಆಫ್ ದಿ ಸೆಂಚುರಿ’ಯ ಎರಡನೆಯ ರೀಲು ಹೊರಬಂದದ್ದು 2015ರಲ್ಲಿ, ಚಿತ್ರ ಬಂದು 88 ವರ್ಷಗಳ ಮೇಲೆ. ತಾಲೀಮಿನ ಹಾಳೆ ಎಂದುಕೊಂಡದ್ದನ್ನು ಯಾರೂ ಜೋಪಾನ ಮಾಡುವುದಿಲ್ಲ.

ಬಳಗ ಒಪ್ಪದಿದ್ದ ಮೇಲೆ ಆ ಪಟ್ಟಿಯನ್ನು ನಮ್ಮ ಮನೆಯಲ್ಲೇ ತೋರಿಸಿದೆ. ಗೋಡೆಗೆ ಬಿಳಿ ಪಂಚೆ ಕಟ್ಟಿ, ಅಕ್ಕಪಕ್ಕದವರನ್ನು ಕರೆದೆ. 1987ರಲ್ಲಿ ಬೆಂಗಳೂರಿನಲ್ಲೇ ತೆಗೆದ ‘ಪುಷ್ಪಕ ವಿಮಾನ’ವನ್ನು ಒಂದು ಮಾತೂ ಇಲ್ಲದೆ ಕೊನೆಯವರೆಗೆ ನೋಡಿದವರು ನಾವು, ಮೂಕಿ ನಮಗೆ ಭಾರವಲ್ಲ ಎಂಬ ಧೈರ್ಯ ನನ್ನದು. ಎದುರು ಮನೆಯ ಅಜ್ಜಿಗೆ ಎಂಬತ್ತು ದಾಟಿದೆ, ಇಂಗ್ಲಿಷ್ ಬಾರದು. ನಡುವೆ ಬರುವ ಬರಹಗಳನ್ನು ಮೊಮ್ಮಗಳು ಕನ್ನಡದಲ್ಲಿ ಓದಿ ಹೇಳಲು ಹೋದಾಗ, ಸುಮ್ಮನಿರೇ, ಕಾಣ್ತದೆ ಎಂದು ಗದರಿದರು. ‘ಒನ್ ವೀಕ್’ನ ಮೊದಲ ರೈಲು ಪಕ್ಕದಲ್ಲಿ ಹೋದಾಗ ಕೋಣೆಯಿಡೀ ಉಸಿರು ಬಿಟ್ಟಿತು. ಎರಡನೆಯದು ಬಂದು ಮನೆ ಚೂರಾದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಜ್ಜಿ ನಗಲಿಲ್ಲ. ಪಂಚೆಯ ಮೇಲಿನ ಹಲಗೆ ರಾಶಿಯನ್ನು ನೋಡುತ್ತ, “ಅಯ್ಯೋ, ಆ ಹುಡುಗಿ ಗೋಡೆ ಮೇಲೆ ಚಿತ್ರ ಬಿಡಿಸಿದ್ದಳಲ್ಲೋ” ಎಂದರು.